ಭಟ್ಟಿಯ ಲೆಕ್ಕ ಫೋನಿಗೆ ಬಂದರೆ ವ್ಯಾಪಾರ ಬೆಳೆಯುತ್ತದೆಯೇ?

ಪ್ರಶ್ನೆ: ಮಂಡಕ್ಕಿ ಭಟ್ಟಿಯವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿಯಿದೆ. ಅಜ್ಜನ ಕಾಲದಿಂದ ಬಂದ ಕಸುಬು, ಈಗ ಅಪ್ಪಾಜಿ ಮತ್ತು ನಾನು ನೋಡಿಕೊಳ್ಳುತ್ತಿದ್ದೇವೆ. ಭಟ್ಟಿಯಲ್ಲಿ ಆರು ಜನ ಇದ್ದಾರೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಖಾರ ಮಂಡಕ್ಕಿ ಮತ್ತು ಖಾರದ ಅವಲಕ್ಕಿಯನ್ನು ಪೊಟ್ಟಣ ಕಟ್ಟುವ ನಾಲ್ವರು ಹೆಣ್ಣುಮಕ್ಕಳಿದ್ದಾರೆ. ಚೀಲದ ಮಂಡಕ್ಕಿ ಹರಿಹರ, ರಾಣೆಬೆನ್ನೂರು, ಹೊಳಲ್ಕೆರೆ, ಚಿತ್ರದುರ್ಗದ ಅಂಗಡಿಗಳಿಗೆ ಹೋಗುತ್ತದೆ. ಪೊಟ್ಟಣಗಳನ್ನು ಊರಿನ ಕೆಲವು ಬೇಕರಿಗಳು ಮತ್ತು ಒಂದು ಸೂಪರ್ ಮಾರ್ಕೆಟ್ ತೆಗೆದುಕೊಳ್ಳುತ್ತವೆ.

ಎರಡು ವರ್ಷದ ಹಿಂದೆ, ವ್ಯಾಪಾರವನ್ನು ‘ಡಿಜಿಟಲ್’ ಮಾಡಿಕೊಡುತ್ತೇವೆಂದು ಬಂದ ಒಂದು ಸಂಸ್ಥೆಗೆ 45,000 ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸಿದೆವು. ಒಂದು ವರ್ಷದಲ್ಲಿ ಅದರಿಂದ ಬಂದದ್ದು ಹನ್ನೊಂದು ಆರ್ಡರ್, ಅವುಗಳಲ್ಲಿ ಏಳು ನೆಂಟರದ್ದು. ವರ್ಷ ಕಳೆದ ಮೇಲೆ ವೆಬ್‌ಸೈಟ್ ತೆರೆಯುವುದೇ ನಿಂತಿತು. ವಿಚಾರಿಸಿದರೆ ಅದರ ವಿಳಾಸವನ್ನು ಅವರು ತಮ್ಮ ಹೆಸರಿನಲ್ಲೇ ಕೊಂಡಿದ್ದರೆಂದು ಗೊತ್ತಾಯಿತು. ಗೂಗಲ್ ನಕ್ಷೆಯಲ್ಲಿ ನಮ್ಮ ಅಂಗಡಿಯ ಪುಟಕ್ಕೂ ಅವರದೇ ಇಮೇಲ್ ಇದೆ. ಈಗ ಅವರ ಫೋನ್ ಸಂಖ್ಯೆ ಚಾಲನೆಯಲ್ಲಿಲ್ಲ.

ಲೆಕ್ಕದ ವಿಷಯ ಹೇಳುವುದಾದರೆ, ಉದ್ರಿ ಎಲ್ಲವೂ ಅಪ್ಪಾಜಿಯ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿದೆ, ಉಳಿದದ್ದು ಅವರ ತಲೆಯಲ್ಲಿದೆ. ಪೊಟ್ಟಣದ ಮಾಲಿಗಾಗಿ ಜಿಎಸ್‌ಟಿ ನೋಂದಣಿ ಆಗಿದೆ, ಆದರೆ ಅದರ ಪಾಸ್‌ವರ್ಡ್ ಸಲಹೆಗಾರರ ಬಳಿ ಇದ್ದು, ನಾನು ಒಮ್ಮೆಯೂ ಒಳಗೆ ಹೋಗಿ ನೋಡಿಲ್ಲ. 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಸುದ್ದಿ ಕೇಳಿ ಅಪ್ಪಾಜಿ ಗಲ್ಲೆಯ ಮುಂದಿದ್ದ ಕ್ಯೂಆರ್ ಕೋಡನ್ನು ಕಿತ್ತು ಒಳಗಿಟ್ಟರು, ಅದು ಇನ್ನೂ ಒಳಗೇ ಇದೆ.

ಈಗ ಕೆಲವರು ಆನ್‌ಲೈನ್ ಮಾರಾಟ ಜಾಲಗಳಿಗೆ ಸೇರಿ ಎನ್ನುತ್ತಾರೆ, ಕೆಲವರು ತಿಂಗಳ ಸಂಬಳ ಕೊಟ್ಟು ರೀಲ್ಸ್ ಮಾಡುವ ಹುಡುಗನೊಬ್ಬನನ್ನು ಇಟ್ಟುಕೊಳ್ಳಿ ಎನ್ನುತ್ತಾರೆ. ಒಮ್ಮೆ ಕೈ ಸುಟ್ಟುಕೊಂಡಿರುವುದರಿಂದ ಕೇಳುತ್ತಿದ್ದೇನೆ: ನಮ್ಮಂಥ ಹತ್ತು ಜನರ ಉದ್ಯಮದಲ್ಲಿ ಮೊದಲು ಕಲಿಯಬೇಕಾದ ಕೌಶಲ ಯಾವುದು, ಅದನ್ನು ಮನೆಯಲ್ಲಿ ಯಾರು ಕಲಿಯಬೇಕು, ಮತ್ತು ಅದರಿಂದ ವ್ಯಾಪಾರ ನಿಜಕ್ಕೂ ಬೆಳೆದದ್ದನ್ನು ಕಂಡವರು ಇಲ್ಲಿ ಯಾರಾದರೂ ಇದ್ದಾರೆಯೇ?

ಉತ್ತರ 1: ತೆರಿಗೆ ಸಲಹೆಗಾರ, ಚಿತ್ರದುರ್ಗ

ಮಾನ್ಯರೇ, ನಿಮ್ಮ ಪ್ರಶ್ನೆಯ ಕೊನೆಯಲ್ಲಿರುವ ಕ್ಯೂಆರ್ ಕೋಡಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಭಯ ಹೋಗದಿದ್ದರೆ ಉಳಿದ ಯಾವ ಮಾತೂ ಅಪ್ಪಾಜಿಯವರ ಕಿವಿಗೆ ಬೀಳುವುದಿಲ್ಲ.

ವಾಣಿಜ್ಯ ತೆರಿಗೆ ಇಲಾಖೆಯು ಹಿಂದಿನ ಕೆಲವು ವರ್ಷಗಳ ಯುಪಿಐ ಜಮೆಗಳನ್ನು ಆಧಾರವಾಗಿಟ್ಟುಕೊಂಡು ಆಗ ಸಾವಿರಾರು ಮಂದಿಗೆ ನೋಟಿಸ್ ಕಳಿಸಿತ್ತು. ತರಕಾರಿ, ಹಾಲು ಮಾರುವವರಿಗೂ ಅದು ತಲುಪಿದ್ದರಿಂದ ಗದ್ದಲವಾಯಿತು. ವ್ಯಾಪಾರಿಗಳು ಬಂದ್ ಮಾಡುವ ಹಂತಕ್ಕೆ ಹೋದರು, ಸರ್ಕಾರ ಸಭೆ ಕರೆದು ಹಳೆಯ ಬಾಕಿಗೆ ಪಟ್ಟು ಹಿಡಿಯುವುದಿಲ್ಲ, ಆದರೆ ನೋಂದಣಿಗೆ ಬರಬೇಕಾದವರು ಬರಲೇಬೇಕು ಎಂದು ಸಮಾಧಾನ ಹೇಳಿತು. ಆ ಗದ್ದಲದಲ್ಲಿ ಎಲ್ಲರೂ ಮರೆತ ಸಂಗತಿಯೊಂದಿದೆ: ತೆರಿಗೆ ಬೀಳುವುದು ಮಾರಿದ ಸರಕಿನ ಮೇಲೆ, ಹಣ ಬಂದ ದಾರಿಯ ಮೇಲಲ್ಲ. ನಗದಾಗಿ ಬಂದ ನೂರು ರೂಪಾಯಿಯೂ ಫೋನಿನಲ್ಲಿ ಬಂದ ನೂರು ರೂಪಾಯಿಯೂ ಕಾನೂನಿನ ಕಣ್ಣಿಗೆ ಒಂದೇ ವಹಿವಾಟು. ನೀವು ಈಗಾಗಲೇ ನೋಂದಾಯಿತರು. ಕೋಡನ್ನು ಒಳಗಿಟ್ಟದ್ದರಿಂದ ನಿಮಗೆ ಆದ ಲಾಭವೇನೂ ಇಲ್ಲ, ಚಿಲ್ಲರೆಯಿಲ್ಲದ ಗಿರಾಕಿ ಮುಂದಿನ ಅಂಗಡಿಗೆ ಹೋಗಿರಬಹುದು ಅಷ್ಟೆ.

ನಿಜವಾಗಿ ತೊಂದರೆ ಕೊಡುವುದು ಬೇರೆಯೇ ಇದೆ. ಅಂಗಡಿಯ ಕೋಡು ಮನೆಯ ಉಳಿತಾಯ ಖಾತೆಗೆ ಜೋಡಣೆಯಾಗಿರುತ್ತದೆ. ಭಾವಮೈದುನ ತೀರಿಸಿದ ಕೈಸಾಲ, ಮಗಳ ಕಾಲೇಜು ಶುಲ್ಕಕ್ಕೆಂದು ಅಣ್ಣ ಕಳಿಸಿದ ಹಣ, ಮಂಡಕ್ಕಿ ಮಾರಿದ ಹಣ ಎಲ್ಲವೂ ಒಂದೇ ಪಾತ್ರೆಗೆ ಬೀಳುತ್ತವೆ. ಮೂರು ವರ್ಷದ ನಂತರ ಯಾವುದು ಯಾವುದೆಂದು ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ವ್ಯಾಪಾರಕ್ಕೊಂದು ಚಾಲ್ತಿ ಖಾತೆ ತೆರೆದು, ಕೋಡನ್ನು ಅದಕ್ಕೆ ಮಾತ್ರ ಜೋಡಿಸಿ. ಇದು ಕೌಶಲವೇ ಎಂದು ನೀವು ಕೇಳಬಹುದು. ನನ್ನ ಕಚೇರಿಗೆ ಬರುವ ಹತ್ತು ಕಡತಗಳಲ್ಲಿ ಏಳೆಂಟಕ್ಕೆ ಇದೊಂದೇ ಔಷಧ.

ನಿಮ್ಮ ಕಸುಬಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚೀಲದಲ್ಲಿ ಬಿಡಿಯಾಗಿ ಹೋಗುವ ಮಂಡಕ್ಕಿಗೆ ತೆರಿಗೆ ವಿನಾಯಿತಿ ಇದೆ. ಅದನ್ನೇ ಮುಂಚಿತವಾಗಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿ ಮಾರಿದರೆ 2022ರ ಜುಲೈ 18ರಿಂದ ಶೇ 5 ತೆರಿಗೆ ಬೀಳುತ್ತದೆ. ಒಗ್ಗರಣೆ ಹಾಕಿದ ಖಾರದ ತಿನಿಸಿನ ಪೊಟ್ಟಣಕ್ಕೆ ಮೊದಲು ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ವಿನಾಯಿತಿಯ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯೇ ಬೇಕಿಲ್ಲ, ಆದರೆ ತೆರಿಗೆಯ ಸರಕು ಸ್ವಲ್ಪ ಸೇರಿದರೂ, ನೋಂದಣಿ ಕಡ್ಡಾಯವಾಗುವ 40 ಲಕ್ಷ ರೂಪಾಯಿಯ ವಾರ್ಷಿಕ ಮಾರಾಟದ ಮಿತಿಯನ್ನು ಅಳೆಯುವಾಗ ವಿನಾಯಿತಿಯ ಮಾರಾಟವೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಇಲ್ಲಿ ಓದುತ್ತಿರುವ, ಇನ್ನೂ ನೋಂದಾಯಿಸದ ಭಟ್ಟಿಯವರು ಗಮನಿಸಬೇಕು. ನಿಮ್ಮಂತೆ ನೋಂದಾಯಿತರಾದವರು ರಿಟರ್ನ್‌ನಲ್ಲಿ ಚೀಲದ ಮಾರಾಟವನ್ನೂ ವಿನಾಯಿತಿಯ ಸಾಲಿನಲ್ಲಿ ತೋರಿಸುತ್ತಿರಬೇಕು. ನಿಮ್ಮ ಸಲಹೆಗಾರರು ತೋರಿಸುತ್ತಿದ್ದಾರೆಯೇ? ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲದ ಮೇಲೆ ನಿಮಗೆ ತಿಳಿಯುವ ಬಗೆ ಹೇಗೆ?

ನಾನೂ ಅದೇ ವೃತ್ತಿಯವನು, ಆದರೂ ಹೇಳುತ್ತೇನೆ: ಪಾಸ್‌ವರ್ಡನ್ನು ಈ ವಾರವೇ ಕೇಳಿ ಪಡೆಯಿರಿ, ನೋಂದಣಿಯಲ್ಲಿರುವ ಮೊಬೈಲ್ ಮತ್ತು ಇಮೇಲ್ ನಿಮ್ಮದೇ ಇರಲಿ. ಒಳಗೆ ಹೋಗಿ 2ಬಿ ಎಂಬ ಪಟ್ಟಿಯನ್ನು ತೆರೆಯಲು ಕಲಿಯಿರಿ. ನಿಮಗೆ ಮಾಲು ಕೊಟ್ಟವರು ನಿಮ್ಮ ಹೆಸರಿಗೆ ಯಾವ ಯಾವ ಬಿಲ್ ಸಲ್ಲಿಸಿದ್ದಾರೆಂದು ಅದು ತೋರಿಸುತ್ತದೆ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಅದು ಪ್ರತಿ ತಿಂಗಳ 14ರ ಹೊತ್ತಿಗೆ ಸಿದ್ಧವಾಗುತ್ತದೆ. ಅಚ್ಚು ಹಾಕಿದ ಪ್ಲಾಸ್ಟಿಕ್ ಚೀಲ ಕೊಡುವವನು ನಿಮ್ಮಿಂದ ತೆರಿಗೆ ವಸೂಲಿ ಮಾಡಿ ಬಿಲ್ಲನ್ನು ಸಲ್ಲಿಸದೆ ಇದ್ದರೆ, ಆ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. 2022ರ ಜನವರಿಯಿಂದ ಈ ನಿಯಮ ಬಿಗಿಯಾಗಿದೆ. ತಿಂಗಳಿಗೆ ಒಮ್ಮೆ ಹತ್ತು ನಿಮಿಷ ಈ ಪಟ್ಟಿಯನ್ನೂ ಕೈಯಲ್ಲಿರುವ ಬಿಲ್ಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡುವವರು ವರ್ಷದಲ್ಲಿ ಉಳಿಸುವ ಹಣ, ನೀವು ವೆಬ್‌ಸೈಟಿಗೆ ಸುರಿದ ಹಣಕ್ಕಿಂತ ಹೆಚ್ಚೇ ಇರಬಹುದು.

ಇನ್ನು ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ. ಸರ್ಕಾರದ ಜಾಲತಾಣದಲ್ಲಿ ಆಧಾರ್ ಮೂಲಕ ಮಾಡುವ ಈ ನೋಂದಣಿಗೆ ಒಂದು ಪೈಸೆಯೂ ಶುಲ್ಕವಿಲ್ಲ. ಅದೇ ರೂಪದ ಖಾಸಗಿ ತಾಣಗಳು ಸಾವಿರ, ಎರಡು ಸಾವಿರ ಕೇಳುತ್ತವೆ, ಮೋಸ ಹೋಗಬೇಡಿ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಹೂಡಿಕೆ ಎರಡೂವರೆ ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿ ಮೀರದವರೆಲ್ಲ ಅತಿ ಸಣ್ಣ ಉದ್ಯಮದ ವರ್ಗಕ್ಕೆ ಸೇರುತ್ತಾರೆ, ನೀವೂ ಅಲ್ಲಿಯೇ ಇರುತ್ತೀರಿ. ನೀವು ತಯಾರಕರಾದ್ದರಿಂದ ಈ ನೋಂದಣಿ ಸಂಖ್ಯೆಗೆ ಬೆಲೆಯಿದೆ. ಲಿಖಿತ ಒಪ್ಪಂದವಿದ್ದರೂ ನಿಮ್ಮ ಬಿಲ್ಲನ್ನು 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಕೊಳ್ಳುವವರು ಪಾವತಿ ಮಾಡಬೇಕು. ತಡಮಾಡಿದರೆ, ವಾಸ್ತವವಾಗಿ ಪಾವತಿಸಿದ ವರ್ಷದವರೆಗೆ ಅವರಿಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಆ ಸೂಪರ್ ಮಾರ್ಕೆಟ್ ನಿಮಗೆ ಎಷ್ಟು ದಿನಕ್ಕೆ ಹಣ ಕೊಡುತ್ತಿದೆ ಎಂದು ನೀವು ಬರೆದಿಲ್ಲ. ಬಿಲ್ಲಿನ ತಲೆಯ ಮೇಲೆ ಉದ್ಯಮ್ ಸಂಖ್ಯೆಯನ್ನು ಅಚ್ಚು ಹಾಕಿಸಿ, ಅವರ ಲೆಕ್ಕಪರಿಶೋಧಕರೇ ಅವರಿಗೆ ನೆನಪಿಸುತ್ತಾರೆ.

ಉತ್ತರ 2: ಎಣ್ಣೆ ಗಿರಣಿ, ಚಳ್ಳಕೆರೆ

ಮೇಲಿನ ಸಲಹೆಗಾರರು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ಆದರೆ ತೆರಿಗೆಯ ಲೆಕ್ಕ ಸರ್ಕಾರಕ್ಕಾಗಿ ಇಡುವ ಲೆಕ್ಕ. ನಮಗಾಗಿ ಇಟ್ಟುಕೊಳ್ಳುವ ಲೆಕ್ಕ ಬೇರೆಯಿದೆ, ನಮ್ಮ ಕಡೆಯ ಬಹುಪಾಲು ಉದ್ಯಮಗಳಲ್ಲಿ ಇಲ್ಲದಿರುವುದು ಅದೇ.

ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು ಎಂಬುದು ನಿಮಗೆ ಗೊತ್ತು. ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಬರತೊಡಗಿದ ಮೇಲೆ ಒಂದರ ಹಿಂದೊಂದು ಗಿರಣಿ ನಿಂತಿತು. ನಮ್ಮದು ಉಳಿದುಕೊಂಡಿದೆ, ಹೇಗೆ ಉಳಿಯಿತೆಂಬುದಕ್ಕೆ ನನ್ನ ಬಳಿ ದೊಡ್ಡ ಕಾರಣವೇನೂ ಇಲ್ಲ. ಆದರೆ ನಾಲ್ಕು ವರ್ಷದ ಹಿಂದೆ ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ, ಕಾಲೇಜಿನ ಅಭ್ಯಾಸಕ್ಕೆಂದು ನಮ್ಮ ಗಿರಣಿಯ ಲೆಕ್ಕವನ್ನು ಗೂಗಲ್ ಶೀಟ್‌ನಲ್ಲಿ ಬರೆಯಲು ಆರಂಭಿಸಿದಳು. ಆ ದಿನದ ಕಾಯಿಯ ತೂಕ, ತೇವಾಂಶ, ಸುಲಿದ ಬೀಜದ ತೂಕ, ಬಂದ ಎಣ್ಣೆ, ಬಂದ ಹಿಂಡಿ, ಯಾವ ಯಂತ್ರ, ಯಾರ ಪಾಳಿ, ಇಷ್ಟೇ. ನಾನು ನಕ್ಕಿದ್ದೆ. ಮೂವತ್ತು ವರ್ಷ ಗಿರಣಿ ನಡೆಸಿದವನಿಗೆ ಎಣ್ಣೆ ಎಷ್ಟು ಬರುತ್ತದೆಂದು ಕಾಗದ ನೋಡಿ ತಿಳಿಯಬೇಕೇ ಎಂಬ ಜಂಬ ನನಗಿತ್ತು.

ಎರಡು ತಿಂಗಳಾದ ಮೇಲೆ ಅವಳು ತೋರಿಸಿದ್ದು ಇದು: ಎರಡು ಯಂತ್ರಗಳಲ್ಲಿ ಒಂದರ ಇಳುವರಿ ಇನ್ನೊಂದಕ್ಕಿಂತ ನೂರು ಕೆ.ಜಿ. ಬೀಜಕ್ಕೆ ಎರಡು ಕೆ.ಜಿ.ಯಷ್ಟು ಕಡಿಮೆ ಇತ್ತು. ಆ ಎಣ್ಣೆ ಕಳವಾಗಿರಲಿಲ್ಲ, ಹಿಂಡಿಯಲ್ಲೇ ಉಳಿದುಹೋಗುತ್ತಿತ್ತು, ನಾವು ಎಣ್ಣೆಯನ್ನು ಹಿಂಡಿಯ ಬೆಲೆಗೆ ಮಾರುತ್ತಿದ್ದೆವು. ಒಳಗಿನ ತಿರುಪು ಸವೆದಿತ್ತು, ಬದಲಾಯಿಸಿದೆವು. ಇದು ಕಣ್ಣಂದಾಜಿಗೆ ಸಿಗುವ ವ್ಯತ್ಯಾಸವಲ್ಲ, ಮೂವತ್ತು ವರ್ಷದ ಅನುಭವವೂ ನೂರರಲ್ಲಿ ಎರಡನ್ನು ಕಾಣುವುದಿಲ್ಲ. ಯಾವ ಹಳ್ಳಿಯ ಕಾಯಿ ಹೆಚ್ಚು ಬೀಜ ಕೊಡುತ್ತದೆ, ಎಷ್ಟು ತೇವವಿದ್ದರೆ ಎಷ್ಟು ದರ ಕಡಿಮೆ ಕೇಳಬೇಕು ಎಂಬುದೂ ಆಮೇಲೆ ಅದೇ ಹಾಳೆಯಿಂದ ಬಂತು. ಈಗ ಎಪಿಎಂಸಿಗೆ ಹೋಗುವ ಮೊದಲು ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಅಕ್ಕಪಕ್ಕದ ಮಾರುಕಟ್ಟೆಗಳ ದರ ಮತ್ತು ಆವಕವನ್ನು ನೋಡಿ, ನಮ್ಮ ಹಾಳೆಯ ಇಳುವರಿಯ ಜೊತೆ ಹೊಂದಿಸಿ, ಇಂದು ಇಷ್ಟಕ್ಕಿಂತ ಮೇಲೆ ಕೂಗುವುದಿಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿ ಹೋಗುತ್ತೇನೆ.

ನಿಮ್ಮ ಭಟ್ಟಿಗೆ ಇದನ್ನೇ ಹೊಂದಿಸಿ ನೋಡಿ. ಒಂದು ಚೀಲ ಭತ್ತಕ್ಕೆ ಎಷ್ಟು ಅಕ್ಕಿ, ಆ ಅಕ್ಕಿಗೆ ಎಷ್ಟು ಸೇರು ಮಂಡಕ್ಕಿ, ಅರಳದೆ ಉಳಿದ ಕಾಳು ಎಷ್ಟು, ಉರುವಲು ಎಷ್ಟು ಸುಟ್ಟಿತು ಎಂಬುದನ್ನು ಯಾವತ್ತಾದರೂ ಬರೆದಿದ್ದೀರಾ? ಭದ್ರಾ ನಾಲೆಯ ಮಳೆಗಾಲದ ಬೆಳೆಗೂ ಬೇಸಿಗೆ ಬೆಳೆಗೂ ಕಾಳು ಅರಳುವುದರಲ್ಲಿ ವ್ಯತ್ಯಾಸವಿದೆಯೇ? ಅಪ್ಪಾಜಿಯವರನ್ನು ಕೇಳಿದರೆ ಇದೆ ಎನ್ನುತ್ತಾರೆ, ಎಷ್ಟೆಂದು ಕೇಳಿ ನೋಡಿ.

ಯಾರು ಕಲಿಯಬೇಕೆಂದು ಕೇಳಿದ್ದೀರಿ. ತೂಕದ ಮುಂದೆ ನಿಂತಿರುವವರು ಕಲಿಯಬೇಕು. ನೀವು ರಾತ್ರಿ ಕುಳಿತು ಎಲ್ಲರನ್ನೂ ಕೇಳಿ ಬರೆಯುವ ಲೆಕ್ಕ ವಾರದಲ್ಲಿ ನಿಂತುಹೋಗುತ್ತದೆ, ನಮ್ಮಲ್ಲಿಯೂ ನಿಂತಿತ್ತು. ಆಮೇಲೆ ಪಾಳಿಯ ಹುಡುಗನ ಫೋನಿನಲ್ಲೇ ಹಾಳೆಯನ್ನು ಕನ್ನಡದಲ್ಲಿ ಮಾಡಿಕೊಟ್ಟೆವು. ಅವನಿಗೆ ಟೈಪ್ ಮಾಡಲು ಬೇಸರ, ಆದ್ದರಿಂದ ಕೀಲಿಮಣೆಯ ಮೈಕ್ ಒತ್ತಿ ಮಾತಿನಲ್ಲೇ ಅಂಕಿ ಹೇಳುತ್ತಾನೆ. ಎಂಟನೇ ತರಗತಿ ಓದಿದವನು, ಈಗ ನಾನು ತಪ್ಪು ಕಾಲಮ್ಮಿನಲ್ಲಿ ಬರೆದರೆ ತಿದ್ದುತ್ತಾನೆ.

ಉತ್ತರ 3: ಸಗಟು ವ್ಯಾಪಾರಿ, ಮಂಡಿಪೇಟೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬಾರದು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಈ ಊರಿನಲ್ಲಿ ಹತ್ತಿ ಗಿರಣಿಗಳು ಬಾಗಿಲು ಹಾಕಿದ್ದನ್ನು ನೋಡಿದವನು ನಾನು. ಕಂಪ್ಯೂಟರ್ ಕಲಿಯದ ಕಾರಣಕ್ಕೆ ಯಾವ ಗಿರಣಿಯೂ ಮುಚ್ಚಲಿಲ್ಲ. ಬಂಡವಾಳ, ಬೇಡಿಕೆ, ವಿದ್ಯುತ್ತು, ಹೊರಗಿನ ಪೈಪೋಟಿ ಇವುಗಳಿಂದ ವ್ಯಾಪಾರ ಏಳುತ್ತದೆ, ಬೀಳುತ್ತದೆ. ‘ಡಿಜಿಟಲ್ ಆಗದಿದ್ದರೆ ಸಾಯುತ್ತೀರಿ’ ಎಂದು ಹೆದರಿಸಿ ಹಣ ಕೀಳುವವರ ದೊಡ್ಡ ಸಂತೆಯೇ ಈಗ ನೆರೆದಿದೆ, ನಿಮ್ಮ 45,000 ಹೋದದ್ದು ಆ ಸಂತೆಗೆ.

ನನ್ನ ಅಂಗಡಿಗೆ ಆಸ್ತಿಯೆಂದರೆ ಉದ್ರಿ. ಜಗಳೂರಿನ ಚಿಕ್ಕ ಅಂಗಡಿಯವನಿಗೆ ಸುಗ್ಗಿಯವರೆಗೆ ತಾಳಿಕೊಂಡು ಮಾಲು ಕೊಡುವವನು ನಾನು ಮಾತ್ರ ಎಂಬ ಕಾರಣಕ್ಕೆ ಅವನು ಮೂವತ್ತು ವರ್ಷದಿಂದ ನನ್ನಲ್ಲಿಗೇ ಬರುತ್ತಿದ್ದಾನೆ. ಇದನ್ನು ಯಾವ ಆ್ಯಪ್ ಕೊಟ್ಟೀತು?

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ ಒಂದು ಸಂಗತಿಯೂ ಇದೆ. ಕಳೆದ ವರ್ಷ ನನಗೆ ಹುಷಾರಿಲ್ಲದೆ ಇಪ್ಪತ್ತು ದಿನ ಅಂಗಡಿಗೆ ಹೋಗಲಾಗಲಿಲ್ಲ. ಖಾತೆ ಪುಸ್ತಕ ಎದುರಿಗೇ ಇದ್ದರೂ ನನ್ನ ಮಗನಿಗೆ ವಸೂಲಿ ಮಾಡಲಾಗಲಿಲ್ಲ. ಯಾರಿಗೆ ಎಷ್ಟು ದಿನದ ವಾಯಿದೆ ಕೊಟ್ಟಿದ್ದೇನೆ, ಯಾರು ಅರ್ಧ ಕೊಟ್ಟು ಉಳಿದದ್ದಕ್ಕೆ ಯಾವಾಗ ಬರುತ್ತೇನೆ ಎಂದಿದ್ದಾರೆ ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಆಮೇಲೆ ಮಗ ಎಲ್ಲ ಬಾಕಿಯನ್ನೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸಿದ, ಪ್ರತಿಯೊಬ್ಬರ ಹೆಸರಿನ ಮುಂದೆ ವಾಯಿದೆಯ ದಿನಾಂಕವಿದೆ. ತೊಂಬತ್ತು ದಿನ ದಾಟಿದ ಬಾಕಿಯ ಪಟ್ಟಿಯನ್ನು ತೆಗೆದು ತೋರಿಸಿದಾಗ, ಆ ಮೊತ್ತ ನಾನು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿತ್ತು ಎಂದಷ್ಟೇ ಹೇಳುತ್ತೇನೆ. ನಿಮ್ಮ ಅಪ್ಪಾಜಿಯವರ ಕೆಂಪು ಪುಸ್ತಕವನ್ನು ಕಸಿದುಕೊಳ್ಳಬೇಡಿ. ಅವರು ಬರೆಯುತ್ತಲೇ ಇರಲಿ, ನೀವು ದಿನವೂ ಅದನ್ನು ನೋಡಿ ಏರಿಸಿಕೊಳ್ಳಿ.

ಉತ್ತರ 4: ನೇಕಾರರ ಮನೆಯವಳು, ಮೊಳಕಾಲ್ಮೂರು

ನಮಸ್ಕಾರ. ಎಲ್ಲರೂ ಲೆಕ್ಕದ ಬಗ್ಗೆ ಬರೆದಿದ್ದಾರೆ, ಆದ್ದರಿಂದ ನಾನು ಮಾರಾಟದ ಬಗ್ಗೆ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಎರಡು ಮಗ್ಗಗಳಿವೆ, ರೇಷ್ಮೆ ಸೀರೆ ನೇಯುತ್ತೇವೆ. ಐದು ವರ್ಷದಿಂದ ಮಾರಾಟದ ಒಂದು ಭಾಗ ಫೋನಿನ ಮೂಲಕವೇ ನಡೆಯುತ್ತಿದೆ.

ಮೊದಲು ಕಳೆದುಕೊಂಡದ್ದನ್ನು ಮರಳಿ ಪಡೆಯಿರಿ. ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿಯ ಪುಟವನ್ನು ತೆರೆದು, ಇದರ ಒಡೆತನ ನನ್ನದು ಎಂದು ಕೋರಿಕೆ ಸಲ್ಲಿಸಲು ಅವಕಾಶವಿದೆ. ಈಗಿನ ಒಡೆಯರಿಗೆ ಸಂದೇಶ ಹೋಗುತ್ತದೆ. ಅವರು ಉತ್ತರಿಸದಿದ್ದರೆ ನೀವು ಅಂಗಡಿಯ ಬೋರ್ಡು, ಒಳಾಂಗಣ ಮೊದಲಾದುವನ್ನು ವಿಡಿಯೊದಲ್ಲಿ ತೋರಿಸಿ ದೃಢೀಕರಿಸಿಕೊಳ್ಳಬಹುದು. ವೆಬ್‌ಸೈಟಿನ ವಿಳಾಸವನ್ನು ಮತ್ತೆ ಕೊಳ್ಳುವುದಾದರೆ ನಿಮ್ಮ ಇಮೇಲ್, ನಿಮ್ಮ ಫೋನ್, ನಿಮ್ಮ ಕಾರ್ಡಿನಿಂದಲೇ ಕೊಳ್ಳಿ. ಕೆಲಸವನ್ನು ಹೊರಗಿನವರಿಗೆ ಕೊಟ್ಟರೂ ಕೀಲಿಕೈಯನ್ನು ಕೊಡಬಾರದು. ವ್ಯಾಪಾರಕ್ಕೆಂದೇ ಒಂದು ಇಮೇಲ್ ತೆರೆದು, ಪಾಸ್‌ವರ್ಡುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ತಿಳಿದವರು ನಗಬಹುದು, ಆದರೆ ನಮ್ಮಂಥ ಮನೆಗಳಲ್ಲಿ ಕಂಪ್ಯೂಟರಿನ ಕಳ್ಳನಿಗಿಂತ ಮರೆವೇ ದೊಡ್ಡ ಕಳ್ಳ.

ದೊಡ್ಡ ಮಾರಾಟ ಜಾಲಗಳ ಬಗ್ಗೆ ನನ್ನ ಅನುಭವ ಅಷ್ಟು ಸಿಹಿಯಲ್ಲ. ಒಂದು ಜಾಲದಲ್ಲಿ ನಾಲ್ಕು ತಿಂಗಳು ಮಾರಿದೆ. ಪರದೆಯ ಮೇಲಿನ ಬಣ್ಣಕ್ಕೂ ಕೈಗೆ ಬಂದ ಸೀರೆಯ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸವಿದ್ದರೂ ಸೀರೆ ವಾಪಸ್ ಬರುತ್ತಿತ್ತು, ಒಂದೆರಡು ಉಟ್ಟು ಮಡಿಸಿದ ಗುರುತಿನೊಂದಿಗೆ ಬಂದವು. ಅವರ ದಲಾಲಿ, ಸಾಗಣೆ, ವಾಪಸಿನ ಸಾಗಣೆ, ಮುಂಗಡವಾಗಿ ಹಿಡಿದುಕೊಳ್ಳುವ ತೆರಿಗೆ ಎಲ್ಲ ಕಳೆದು ಕೈಗೆ ಬಂದದ್ದನ್ನು ಸೀರೆಗೊಂದು ಸಾಲಿನಂತೆ ಬರೆದು ನೋಡಿದ ದಿನ ಅಲ್ಲಿಂದ ಹೊರಬಂದೆ. ನೀವೂ ಸೇರುವ ಮೊದಲು ಒಂದು ಪೊಟ್ಟಣಕ್ಕೆ ಹೀಗೆ ಬರೆದು ನೋಡಿ.

ಅದಕ್ಕಿಂತ ಮುಖ್ಯವಾಗಿ, ಮಂಡಕ್ಕಿಗೆ ನನ್ನ ಸೀರೆಗಿಲ್ಲದ ಒಂದು ತೊಡಕಿದೆ. ಕೊರಿಯರ್‌ನವರು ಬರೀ ತೂಕಕ್ಕೆ ಹಣ ತೆಗೆದುಕೊಳ್ಳುವುದಿಲ್ಲ, ಡಬ್ಬಿ ಹಿಡಿಯುವ ಜಾಗಕ್ಕೂ ತೆಗೆದುಕೊಳ್ಳುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಅಂಕಿಯನ್ನೂ ನಿಜವಾದ ತೂಕವನ್ನೂ ಹೋಲಿಸಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. 40, 30, 30 ಸೆಂ.ಮೀ. ಡಬ್ಬಿಯಾದರೆ 36,000ವನ್ನು 5,000ದಿಂದ ಭಾಗಿಸಿದಾಗ 7.2 ಕೆ.ಜಿ. ಬರುತ್ತದೆ. ಆ ಡಬ್ಬಿಯ ತುಂಬ ಮಂಡಕ್ಕಿ ಹಾಕಿ ಒಮ್ಮೆ ತೂಗಿ ನೋಡಿ, ನಿಮ್ಮ ಹನ್ನೊಂದು ಆರ್ಡರ್‌ಗಳಲ್ಲಿ ಎಷ್ಟು ನಷ್ಟವಾಗಿರಬಹುದೆಂದು ಅಲ್ಲೇ ತಿಳಿಯುತ್ತದೆ. ದೂರದೂರಿಗೆ ಕಳಿಸುವುದಾದರೆ ಜಾಗ ಕಡಿಮೆ ಹಿಡಿದು ಬೆಲೆ ಹೆಚ್ಚಿರುವ ಮಾಲನ್ನೇ ಆರಿಸಿಕೊಳ್ಳಿ: ಖಾರದ ಅವಲಕ್ಕಿ ಆಗಬಹುದು, ಮಂಡಕ್ಕಿಗೆ ಕಲಸುವ ಒಗ್ಗರಣೆಯ ಖಾರದ ಪುಡಿ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿರುವ ದಾವಣಗೆರೆಯವರಿಗೆ ಮಂಡಕ್ಕಿ ಅಲ್ಲಿಯೇ ಸಿಗುತ್ತದೆ, ಸಿಗದಿರುವುದು ಊರಿನ ಆ ಖಾರ.

ನನಗೆ ಕೈಹಿಡಿದದ್ದು ವಾಟ್ಸ್‌ಆ್ಯಪ್ ಬಿಸಿನೆಸ್. ಅದು ಉಚಿತ. ಮಾಲಿನ ಪಟ್ಟಿಯನ್ನು ಚಿತ್ರ, ಬೆಲೆಗಳ ಸಮೇತ ಇಡಬಹುದು, ಗಿರಾಕಿಗಳಿಗೆ ‘ಹಣ ಬಂದಿದೆ’, ‘ಕಳಿಸಬೇಕು’ ಎಂಬ ಗುರುತು ಹಚ್ಚಬಹುದು. ನಿಮ್ಮ ಗಿರಾಕಿಗಳು ಅಂಗಡಿಯವರಾದ್ದರಿಂದ ನಿಮಗೆ ಇದು ಇನ್ನೂ ಸಲೀಸು. ಸೋಮವಾರ ಬೆಳಿಗ್ಗೆ ಐವತ್ತು ಅಂಗಡಿಗಳಿಗೆ ಆ ವಾರದ ದರದ ಪಟ್ಟಿ ಹೋಗಲಿ, ಸಂಜೆಯೊಳಗೆ ಯಾರಿಗೆ ಎಷ್ಟು ಚೀಲವೆಂದು ಉತ್ತರ ಬರಲಿ. ಹೊಸ ಗಿರಾಕಿಯನ್ನು ರೀಲ್ಸಿನಲ್ಲಿ ಹುಡುಕುವುದಕ್ಕಿಂತ ಇರುವ ಅಂಗಡಿಯವನು ವಾರಕ್ಕೆ ಒಂದು ಚೀಲ ಹೆಚ್ಚು ತೆಗೆದುಕೊಳ್ಳುವಂತೆ ಮಾಡುವುದು ಸುಲಭ ಎಂದು ನನಗನ್ನಿಸುತ್ತದೆ.

ಎಚ್ಚರಿಕೆಯ ಒಂದು ಮಾತು. ಹಣ ಕಳಿಸಿದ್ದೇನೆಂದು ತೋರಿಸುವ ಚಿತ್ರವನ್ನು ನಂಬಿ ಮಾಲು ಕಳಿಸಬೇಡಿ, ನಿಮ್ಮ ಖಾತೆಯಲ್ಲಿ ಜಮೆ ಕಂಡ ಮೇಲೆ ಕಳಿಸಿ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಒತ್ತಿರಿ ಎನ್ನುವವನು ಮೋಸಗಾರ. ನಾನು ಒಮ್ಮೆ ಹೀಗೆ ಸಿಕ್ಕಿಬಿದ್ದು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಹಣದ ಒಂದು ಭಾಗವಾದರೂ ಉಳಿಯಿತು. ಪೊಟ್ಟಣ ಕಟ್ಟುವ ಆ ನಾಲ್ವರು ಹೆಣ್ಣುಮಕ್ಕಳಲ್ಲಿ ಫೋನ್ ಚೆನ್ನಾಗಿ ಬಳಸುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಆರ್ಡರಿನ ಫೋನನ್ನು ಅವರ ಕೈಗೆ ಕೊಟ್ಟು, ಆ ಕೆಲಸಕ್ಕೆ ಪ್ರತ್ಯೇಕವಾಗಿ ಏನಾದರೂ ಕೊಡಿ. ಹೊರಗಿನ ಹುಡುಗನಿಗೆ ಕೊಡಬೇಕೆಂದಿದ್ದ ಸಂಬಳದಲ್ಲಿ ಕಾಲು ಭಾಗ ಸಾಕಾದೀತು.

ಪ್ರಶ್ನೆ ಕೇಳಿದವರ ಮರುಮಾತು: ಮಂಡಕ್ಕಿ ಭಟ್ಟಿಯವರು, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಏನಾದರೂ ಮಾಡಿದ ಮೇಲೆ ಬರೆಯಬೇಕೆಂದಿದ್ದೆ.

ಮೇಡಂ ಹೇಳಿದಂತೆ ಡಬ್ಬಿಯನ್ನು ತುಂಬಿ ತೂಗಿದೆವು, ಮೂರು ಕೆ.ಜಿ.ಯ ಆಸುಪಾಸು ಬಂತು. ಅಪ್ಪಾಜಿ ಒಂದು ಕ್ಷಣ ಸುಮ್ಮನಿದ್ದು, ಇದನ್ನು ಮೊದಲೇ ಯಾಕೆ ತೂಗಲಿಲ್ಲ ಎಂದರು. ಮಂಡಕ್ಕಿಯನ್ನು ಆನ್‌ಲೈನ್‌ನಲ್ಲಿ ಮಾರುವ ಮಾತು ಅಲ್ಲಿಗೆ ಮುಗಿಯಿತು. ಖಾರದ ಪುಡಿಯನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ನೋಡುತ್ತಿದ್ದೇವೆ, ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ನೋಂದಣಿಯಲ್ಲಿ ಅದನ್ನು ಸೇರಿಸಬೇಕಿದೆ.

ಜಿಎಸ್‌ಟಿ ಪಾಸ್‌ವರ್ಡ್ ಸಿಕ್ಕಿತು. ಸಲಹೆಗಾರರು ಮೊದಲು ಸ್ವಲ್ಪ ಮುನಿಸಿಕೊಂಡರು, ಆಮೇಲೆ ತಾವೇ ಕುಳಿತು 2ಬಿ ತೆರೆಯುವುದನ್ನು ತೋರಿಸಿಕೊಟ್ಟರು. ಪ್ಲಾಸ್ಟಿಕ್ ಚೀಲದವರ ಎರಡು ಬಿಲ್ಲುಗಳು ಅದರಲ್ಲಿ ಇರಲಿಲ್ಲ, ಫೋನ್ ಮಾಡಿದ್ದೇನೆ. ಚಾಲ್ತಿ ಖಾತೆ ತೆರೆದು ಹೊಸ ಕೋಡು ತಂದಿದ್ದೇವೆ, ಗಲ್ಲೆಯ ಮುಂದೆ ಹಚ್ಚಿದವರು ಅಪ್ಪಾಜಿಯೇ. ಸೂಪರ್ ಮಾರ್ಕೆಟ್ ನಮಗೆ ಎಪ್ಪತ್ತು, ಎಂಬತ್ತು ದಿನಕ್ಕೆ ಹಣ ಕೊಡುತ್ತಿತ್ತು. ಉದ್ಯಮ್ ಸಂಖ್ಯೆಯಿರುವ ಬಿಲ್ಲು ಮೊನ್ನೆಯಷ್ಟೇ ಹೋಗಿದೆ, ಏನಾಗುತ್ತದೆಂದು ಈಗಲೇ ಹೇಳಲಾರೆ.

ಭಟ್ಟಿಯ ಇಳುವರಿಯ ಲೆಕ್ಕ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ನಮ್ಮಲ್ಲಿ ಮಂಡಕ್ಕಿಯನ್ನು ಅಳತೆಯಲ್ಲಿ ಮಾರುತ್ತೇವೆ, ಭತ್ತವನ್ನು ತೂಕದಲ್ಲಿ ಕೊಳ್ಳುತ್ತೇವೆ. ಎರಡನ್ನೂ ಒಂದೇ ಹಾಳೆಯಲ್ಲಿ ಹೊಂದಿಸುವುದು ಹೇಗೆಂದು ತಿಳಿಯುತ್ತಿಲ್ಲ. ಚಳ್ಳಕೆರೆಯ ಹಿರಿಯರು ತಮ್ಮ ಹಾಳೆಯ ಕಾಲಮ್ಮುಗಳನ್ನು ಇಲ್ಲಿ ಬರೆಯಲು ಸಾಧ್ಯವೇ?

ಉತ್ತರ 5: ಎಣ್ಣೆ ಗಿರಣಿ, ಚಳ್ಳಕೆರೆ

ಬರೆಯುತ್ತೇನೆ. ದಿನಾಂಕ, ಭತ್ತ ತಂದ ಊರು, ಭತ್ತದ ತೂಕ, ಅಕ್ಕಿಯ ತೂಕ, ಹುರಿದ ಮಂಡಕ್ಕಿಯ ತೂಕ, ಅದೇ ಮಂಡಕ್ಕಿಯ ಅಳತೆ, ಅರಳದ ಕಾಳಿನ ತೂಕ, ಉರುವಲಿನ ತೂಕ, ಭಟ್ಟಿಯ ಮುಂದೆ ಇದ್ದವರು. ಇಷ್ಟು ಸಾಕು. ಅಳತೆಯನ್ನೂ ತೂಕವನ್ನೂ ಎರಡನ್ನೂ ಬರೆಯಿರಿ, ಒಂದನ್ನು ಬಿಟ್ಟರೆ ಹೊಂದಾಣಿಕೆ ಸಿಗುವುದಿಲ್ಲ. ಒಂದೇ ಅಳತೆಗೆ ತೂಕ ಕಡಿಮೆಯಿದ್ದರೆ ಕಾಳು ಚೆನ್ನಾಗಿ ಅರಳಿದೆ ಎಂದು ಅರ್ಥ, ಅಳತೆಯಲ್ಲಿ ಮಾರುವ ನಿಮಗೆ ಅದೇ ಲಾಭ. ಮಳೆಗಾಲದಲ್ಲಿ ಮಂಡಕ್ಕಿ ತೇವ ಹೀರುವುದರಿಂದ ಹುರಿದ ಕೂಡಲೇ ತೂಗಬೇಕು, ಸಂಜೆ ತೂಗಿದರೆ ಅಂಕಿ ಸುಳ್ಳು ಹೇಳುತ್ತದೆ. ಒಂದು ತಿಂಗಳು ಬರೆದ ಮೇಲೆ ಹಾಳೆಯನ್ನು ಕಳಿಸಿ, ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ, ಭಾನುವಾರ ಬಿಡುವಿದ್ದಾಗ ನೋಡಿಕೊಡುತ್ತೇನೆ ಎಂದಿದ್ದಾಳೆ.